ಹಿಮ್ಮಡಿಗಿಂತ ಸಣ್ಣ ಕಣ್ಣು

ನಾನು ಹೆಣೆದ ಮೂರನೆಯ ಬುಟ್ಟಿಯನ್ನು ಕೇತವ್ವ ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ಕಟ್ಟೆಯಿಂದ ಇಳಿದು, ಬೀದಿಯ ಮಣ್ಣಿನ ಮೇಲೆ ಅದನ್ನಿಟ್ಟು, ಒಳಗೊಂದು ಕುಂಬಳಕಾಯಿ ಹಾಕಿ, ವಾಪಸು ಬಂದು ನನ್ನ ಪಕ್ಕದಲ್ಲಿ ಕೂತಳು.

"ತಡಿ. ಕೋಳಿ ಕಲ್ಲು ಹತ್ಯಾವು," ಎಂದಳು.

ಬೀದಿಯ ಕೋಳಿಗಳೆಲ್ಲ ಒಂದೊಂದಾಗಿ ಮೆಟ್ಟಿಲುಗಲ್ಲು ಹತ್ತಿ ರೆಕ್ಕೆ ಮುದುರಿ ಕೂತಿದ್ದವು. ನೆಲದ ಧೂಳು ಒಂದು ಗಳಿಗೆ ನಡುಗಿತು. ಆಮೇಲೆ ಏಳುಗಾಳಿ ಬಂತು. ನನ್ನ ಬುಟ್ಟಿ ಮೊದಲು ಒಂದು ಮಗ್ಗುಲು ಎತ್ತಿತು, ಆಮೇಲೆ ಇನ್ನೊಂದು ಮಗ್ಗುಲು, ಆಮೇಲೆ ಕುಂಬಳಕಾಯಿಯ ಸಮೇತ ನೆಟ್ಟಗೆ ಮೇಲಕ್ಕೆ ಹೋಯಿತು. ಎದುರು ಮನೆಯ ಮಾಳಿಗೆ ದಾಟಿತು, ಬೇವಿನ ಮರ ದಾಟಿತು, ಕಪ್ಪು ಚುಕ್ಕೆಯಾಯಿತು. ಕುಂಬಳಕಾಯಿ ಎಲ್ಲಿಯೂ ಬಿದ್ದ ಸದ್ದಾಗಲಿಲ್ಲ. ಆ ಊರಿನಲ್ಲಿ ಮೇಲೆ ಹೋದದ್ದು ಬಿದ್ದ ಸದ್ದನ್ನು ಯಾರೂ ಕೇಳಿಲ್ಲ.

"ಸಾವಂತ್ರಿಗೆ ಇನ್ನ ಎಷ್ಟ್ ದಿನಾ?"

"ನಾಲ್ಕೂವರೆ ತಿಂಗಳು."

ಕೇತವ್ವ ಬಿದಿರಿನ ಒಂದು ಹೊಸ ದಬ್ಬೆ ಎಳೆದು ನನ್ನ ತೊಡೆಯ ಮೇಲೆ ಹಾಕಿದಳು. "ಮತ್ತ ಸೀಳು."

ಆ ಊರಿಗೆ ನಾನು ಹೋದದ್ದು ಮದುವೆಯಾದ ವರ್ಷ. ಸಾವಂತ್ರಿಯ ತವರು ಅದು. ಅಲ್ಲಿದ್ದ ಸಿಂಪಿಗ ತೀರಿಹೋಗಿದ್ದ, ಊರಿಗೊಬ್ಬ ಬೇಕಾಗಿದ್ದ. ನಾನು ಹೊಲಿಗೆ ಮಷೀನು ತಗೊಂಡು ಹೆಂಡತಿಯ ಹಿಂದೆಯೇ ಹೊರಟೆ. ಹೊಲಿಗೆಗಿಂತ ನನ್ನ ಕೈ ಹಿಡಿದದ್ದು ರಫೂ ಕೆಲಸ. ಬೀಡಿ ಕಿಡಿ ಬಿದ್ದು ಸುಟ್ಟ ಕೋಟಿನ ತೂತನ್ನು ಎಳೆಗೆ ಎಳೆ ಸೇರಿಸಿ ಮುಚ್ಚಿದರೆ ಆಮೇಲೆ ತೂತು ಎಲ್ಲಿತ್ತೆಂದು ನನಗೇ ಸಿಗುತ್ತಿರಲಿಲ್ಲ. ಆದರೆ ಆ ಊರಿನಲ್ಲಿ ರಫೂಗೆ ಯಾರೂ ಬರಲಿಲ್ಲ. ಸೀರೆಯ ಅಂಚಿನೊಳಗೆ ಸೀಸದ ಗುಂಡು ಕೂರಿಸಿ ಹೊಲಿದುಕೊಡಿ ಎಂದು ಬರುತ್ತಿದ್ದರು. ಅಂಗಿಯ ಬೆನ್ನಿಗೆ ಜಾಲರಿ ಇಡಿಸಿಕೊಳ್ಳುತ್ತಿದ್ದರು. ಮನೆಗಳೆಲ್ಲ ಹಾಸುಗಲ್ಲಿನ ಮೇಲೆ ಕಟ್ಟಿದವು. ಕಲ್ಲು ಇದ್ದಲ್ಲಿ ಗಾಳಿ ಏಳುವುದಿಲ್ಲ. ಮಣ್ಣಿಗೆ ಕಾಲಿಟ್ಟರೆ ಮಾತ್ರ ಲೆಕ್ಕ ಬೇರೆ. ದಿನಕ್ಕೆ ಒಂದು ಸಲವೋ ಮೂರು ಸಲವೋ, ಯಾವಾಗಲೋ, ಅದು ನೆಲದಿಂದ ಏಳುತ್ತಿತ್ತು. ತನ್ನನ್ನು ತಡೆದ ಹಗುರಾದದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿತ್ತು. ದೊಡ್ಡವರಿಗೆ ಭಾರ ಇರುತ್ತದೆ, ನಿಂತುಕೊಳ್ಳುತ್ತಾರೆ. ಕೂಸುಗಳಿಗೆ ಇರುವುದಿಲ್ಲ. ಎದೆಗೆ ಅವಚಿ ಹಿಡಿದರೂ ಬಿಡುತ್ತಿರಲಿಲ್ಲ. ಅವಚಿದಷ್ಟೂ ಎಳೆತ ಹೆಚ್ಚು.

ಅದಕ್ಕೆ ಕಣ್ಣುಬುಟ್ಟಿ. ಕಣ್ಣು ಕಣ್ಣು ಬಿಟ್ಟು ಹೆಣೆದ ಬಿದಿರಿನ ಬುಟ್ಟಿ. ಗಾಳಿ ಅದರೊಳಗಿಂದ ಹಾದು ಕೂಸಿನ ಸುತ್ತ ಹರಿದು ಹೋಗುತ್ತದೆ. ಕೂಸು ಮೊದಲ ಸಲ ಹೊಸ್ತಿಲು ದಾಟುವುದು ತಂದೆ ತನ್ನ ಕೈಯಾರೆ ಹೆಣೆದ ಬುಟ್ಟಿಯಲ್ಲಿ. ಬೇರೆಯವರು ಹೆಣೆದದ್ದರಲ್ಲಿ ಕೂಸನ್ನು ಹೊರಗೆ ತಂದ ಎರಡು ಮನೆಗಳಿದ್ದವು. ಆ ಮನೆಗಳ ಮುಂದೆ ಹಾಯುವಾಗ ಜನ ದನಿ ತಗ್ಗಿಸುತ್ತಿದ್ದರು. ನನಗೆ ಗೊತ್ತಾದದ್ದು ಅಷ್ಟೇ, ನಾನು ಕೇಳಲೂ ಇಲ್ಲ.

ಏಳು ವರ್ಷ ನಮಗೆ ಮಕ್ಕಳಾಗಿರಲಿಲ್ಲ. ಆದ್ದರಿಂದ ಬುಟ್ಟಿಯ ಮಾತು ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಆ ಊರಿನ ಗಂಡಸರು ಹುಡುಗರಾಗಿದ್ದಾಗಲೇ ಅಪ್ಪನ ಪಕ್ಕ ಕೂತು ಕೈ ಆಡಿಸಿ ಕಲಿತಿರುತ್ತಾರೆ. ನನಗೆ ಮೂವತ್ತೊಂಬತ್ತು. ಬಿದಿರನ್ನು ಕಡ್ಡಿಯಾಗಿ ಕಂಡವನೇ ಹೊರತು ಸೀಳಿದವನಲ್ಲ. ಸಾವಂತ್ರಿಗೆ ಮೂರನೆಯ ತಿಂಗಳು ತುಂಬಿದ ದಿನ ಮೇದಾರ ಕೇತವ್ವನ ಕಟ್ಟೆಗೆ ಹೋಗಿ ಕೂತೆ. ಎಪ್ಪತ್ತರ ಹತ್ತಿರದ ಮುದುಕಿ. ಬಾಯಲ್ಲಿ ಎಲೆ, ಎದುರಿಗೆ ನೀರಲ್ಲಿ ನೆನೆಹಾಕಿದ ಬಿದಿರು, ಕೈಯಲ್ಲಿ ಕತ್ತಿ.

ಮೊದಲ ತಿಂಗಳು ಸೀಳುವುದರಲ್ಲೇ ಹೋಯಿತು. ಕತ್ತಿ ಗೆಣ್ಣಿನ ಹತ್ತಿರ ಬಂದಾಗ ಓರೆ ಹೋಗುತ್ತಿತ್ತು. ಬಿದಿರಿನ ಅಂಚು ಬ್ಲೇಡಿನ ಹಾಗೆ ಬೆರಳು ಕೊಯ್ಯುತ್ತಿತ್ತು. ಸೂಜಿ ಹಿಡಿಯುವ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಮನೆಗೆ ಹೋಗುತ್ತಿದ್ದೆ. ಆಮೇಲೆ ಹೆಣಿಗೆ. ಒಂದೇ ದಿಕ್ಕಿಗೆ ಒಂದು ಸಾಲು ಸೀಳು, ಅದರ ಮೇಲೆ ಓರೆಯಾಗಿ ಇನ್ನೊಂದು ಸಾಲು, ಮೂರನೆಯದು ಇನ್ನೊಂದು ಓರೆಯಲ್ಲಿ ಒಂದರ ಮೇಲೆ ಒಂದರ ಕೆಳಗೆ ತೂರಿ ಬಂದು ಎರಡನ್ನೂ ಬೀಗ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ನಡುವೆ ಆರು ಮೂಲೆಯ ಕಣ್ಣು ಉಳಿಯುತ್ತದೆ. ತಳ ಮುಗಿದು ಗೋಡೆ ಏಳುವ ಆರು ಕಡೆ ಮಾತ್ರ ಐದು ಮೂಲೆಯ ಕಣ್ಣು ಬರಬೇಕು. ಅಲ್ಲಿ ಬಿದಿರು ತಾನಾಗಿ ಮೇಲಕ್ಕೆ ಬಾಗುತ್ತದೆ.

ಇಷ್ಟೆಲ್ಲ ತಲೆಗೆ ಹತ್ತಿತು. ಕೈಗೆ ಮಾತ್ರ ಹತ್ತಲಿಲ್ಲ. ನನಗೆ ತಿಳಿಯದ ಹಾಗೆ ಬೆರಳು ಸೀಳುಗಳನ್ನು ಹತ್ತಿರ ಹತ್ತಿರ ದೂಡುತ್ತಿದ್ದವು. ಕಣ್ಣು ಕಂಡಲ್ಲೆಲ್ಲ ಕೂಸಿನ ಕೈ ಜಾರಿದಂತೆ, ಕಾಲು ಜಾರಿದಂತೆ, ಪೂರ್ತಿ ಕೂಸೇ ಜಾರಿ ಮಣ್ಣಿಗೆ ಬಿದ್ದಂತೆ ಕಾಣುತ್ತಿತ್ತು.

"ನೀ ಜನ್ಮಾಪೂರ್ತಿ ತೂತು ಮುಚ್ಚಿದಾಂವ," ಎಂದಳು ಕೇತವ್ವ ನಾಲ್ಕನೆಯ ಬುಟ್ಟಿ ಹಾರಿಹೋದ ದಿನ. "ಇಲ್ಲಿ ಹೆಣೆಯೂದು ತೂತನ್ನ. ಬಿದಿರು ಸುಮ್ನ ಅದರ ಬೇಲಿ. ನನ್ನ ಹೆಬ್ಬೆರಳು ತೂರಬೇಕು, ಕೂಸಿನ ಹಿಮ್ಮಡಿ ತೂರಬಾರದು. ಅಷ್ಟೇ ಅಳತಿ."

"ಹಿಮ್ಮಡಿ ಎಷ್ಟಿರ್ತದ ಅಂತ ಮೊದಲೇ ಹೆಂಗ ಗೊತ್ತಾಗ್ತದವ್ವಾ?"

"ಎಲ್ಲಾ ಕೂಸಿಂದೂ ಹೆಚ್ಚೂಕಡಿಮಿ ಒಂದ."

ಐದನೆಯದೂ ಹಾರಿತು. ಆ ಸಂಜೆ ಸಾವಂತ್ರಿಯ ಅಣ್ಣ ಪರಸಪ್ಪ ಅಂಗಡಿಗೆ ಬಂದ. ಒಳ್ಳೆಯವನು, ಮೂರು ಮಕ್ಕಳ ತಂದೆ, ಮೂರು ಬುಟ್ಟಿ ಹೆಣೆದವನು. ಬಾಗಿಲು ಅರ್ಧ ಮುಚ್ಚಿ, ಹೆಗಲ ಮೇಲಿನ ಚೀಲದಿಂದ ಒಂದು ಬುಟ್ಟಿ ತೆಗೆದು ಮೇಜಿನ ಮೇಲಿಟ್ಟ. ನೋಡಿದರೆ ಕಣ್ಣು ತಂಪಾಗುವಂಥ ಕೆಲಸ. ಒಂದು ಕಣ್ಣಿಗೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸ ಇರಲಿಲ್ಲ.

"ಮಾವಾರ, ಇದನ್ನ ಇಟಗೋರಿ. ನಾ ಹೆಣದದ್ದಂತ ನಾ ಹೇಳೂದಿಲ್ಲ, ನೀವು ಹೇಳಬ್ಯಾಡ್ರಿ. ನನಗ ನನ್ನ ತಂಗಿ ಬೇಕು, ಆಕಿ ಕೂಸು ಬೇಕು. ಪದ್ಧತಿ ಆಮ್ಯಾಲ."

ಬೇಡ ಎನ್ನಬೇಕಿತ್ತು. ನಾನು ಬುಟ್ಟಿಯನ್ನು ಹಳೇ ಬಟ್ಟೆಗಳ ಕೆಳಗೆ ಇಟ್ಟೆ. ಮಾರನೆಯ ದಿನ ಕೇತವ್ವನ ಮುಖ ನೋಡಲಾಗದೆ ತಲೆ ತಗ್ಗಿಸಿಯೇ ಕೆಲಸ ಮಾಡಿದೆ. ಅದೇನು ವಿಚಿತ್ರವೋ, ಅವತ್ತಿನಿಂದ ನನ್ನ ಕೈ ಸ್ವಲ್ಪ ಸಡಿಲವಾಯಿತು. ಮನೆಯಲ್ಲೊಂದು ಬುಟ್ಟಿ ಇದೆಯಲ್ಲ ಎಂಬ ಧೈರ್ಯವಿರಬೇಕು. ಏಳನೆಯದು ಒಂದು ಗೇಣು ಮಾತ್ರ ಎದ್ದು ಕೂತಿತು. ಕೇತವ್ವ ಮೊದಲ ಸಲ ಎಲೆಯಡಿಕೆಯ ತಟ್ಟೆಯನ್ನು ನನ್ನತ್ತ ಸರಿಸಿದಳು.

ಏಳು ತಿಂಗಳ ಮೇಲೆ ನಾಲ್ಕು ದಿನ ಆಗಿತ್ತು. ಬೆಳಗ್ಗೆ ಸಾವಂತ್ರಿ ನೀರು ಸೇದಲು ಬಾಗಿದವಳು ಹಾಗೆಯೇ ಗೋಡೆ ಹಿಡಿದು ಕೂತಳು. ಸೂಲಗಿತ್ತಿ ಹುಸೇನಬಿ ಓಡಿ ಬಂದಳು. ಸೂರ್ಯ ಮಾಳಿಗೆಯ ಮಟ್ಟಕ್ಕೆ ಬರುವುದರೊಳಗೆ ಕೂಸು ಬಂದೇಬಿಟ್ಟಿತು. ಹೆಣ್ಣು. ಅಳಲಿಲ್ಲ. ಬೆಕ್ಕಿನ ಮರಿ ಉಸಿರಾಡಿದ ಹಾಗೆ ಒಂದು ಸದ್ದು, ಅಷ್ಟೇ. ಅವಳ ಉದ್ದ ನನ್ನ ಒಂದು ಮೊಳವೂ ಇರಲಿಲ್ಲ.

ಹುಸೇನಬಿ ಅವಳನ್ನು ಸಾವಂತ್ರಿಯ ಎದೆಗೆ ಹಚ್ಚಿ ಮೇಲೆ ಬಟ್ಟೆ ಹೊದಿಸಿದಳು. ಹಾಲು ಬಾಯಿಗೆ ಹಿಂಡಿದರೆ ತುಟಿಯಿಂದ ಹೊರಗೆ ಹರಿಯಿತು.

"ಆಸ್ಪತ್ರ್ಯಾಗ ಬೆಚ್ಚಗಿನ ಪೆಟ್ಟಿಗಿ ಐತಿ, ಮೂಗಿನಾಗ ನಳಿಗಿ ಹಾಕಿ ಹಾಲು ಹಾಕ್ತಾರ," ಎಂದಳು. "ಬಿಸಿಲು ಇರೂತನಾ ಒಯ್ಯಬೇಕು ನಾಮದೇವಣ್ಣಾ. ಹೊತ್ತು ಮುಳುಗಿ ತಂಪಾತಂದ್ರ ನನ್ನ ಕೈಯಾಗ ಏನೂ ಇಲ್ಲ."

ಆಸ್ಪತ್ರೆ ಇದ್ದದ್ದು ಬಯಲಿನ ಆಚೆ, ಬಂಡೆಯ ಮೇಲೆ. ನಡುವೆ ನಾನೂರು ಹೆಜ್ಜೆ ಬರೀ ಮಣ್ಣು.

ನಾನು ಅಂಗಡಿಗೆ ಓಡಿ ಹಳೇ ಬಟ್ಟೆ ಕಿತ್ತೆಸೆದು ಪರಸಪ್ಪನ ಬುಟ್ಟಿ ತಂದೆ. ಪರಸಪ್ಪನೂ ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ. ಸಾವಂತ್ರಿ ಮಲಗಿದಲ್ಲಿಂದಲೇ ತಲೆ ಹೊರಳಿಸಿ ಬುಟ್ಟಿಯನ್ನು ನೋಡಿದಳು. ಅಣ್ಣನನ್ನು ನೋಡಿದಳು. ಆಮೇಲೆ ನನ್ನನ್ನು.

"ಇದು ನಮ್ಮಣ್ಣನ ಕೈ," ಎಂದಳು.

ನಾನು ಬುಟ್ಟಿಯನ್ನು ಅವಳ ಪಕ್ಕದಲ್ಲಿ ಇಳಿಸಿದೆ.

"ಎಷ್ಟ ದಿನಾ ಆತ್ರೀ ಇದು ಬಂದು? ನೀವು ದಿನಾ ಬೆರಳಿಗೆ ಅರಿವಿ ಸುತಗೊಂಡು ಬರೂದು ನೋಡಿ ನಾ ಪಾಪ ಅಂತಿದ್ದೆ."

"ಸಾವಂತ್ರಿ, ಈಗ ಬ್ಯಾಡವ್ವಾ," ಎಂದ ಪರಸಪ್ಪ. "ತಪ್ಪು ನಂದು. ಮೊದಲು ಕೂಸನ್ನ ಮಲಗಸು."

ಹುಸೇನಬಿ ಕೂಸನ್ನು ಬುಟ್ಟಿಯಲ್ಲಿ ಇಟ್ಟಳು. ಇಟ್ಟ ಕ್ಷಣವೇ ಎಡಗಾಲು ಕಣ್ಣಿನಲ್ಲಿ ಇಳಿಯಿತು. ಹಿಮ್ಮಡಿ, ಕಾಲಿನ ಹರಡು, ಮೊಣಕಾಲಿನತನಕ. ಎಲ್ಲೂ ತಡೆಯಲಿಲ್ಲ. ಆ ಪುಟ್ಟ ಕಾಲು ಬುಟ್ಟಿಯ ಕೆಳಗೆ ನೇತಾಡುತ್ತಿದ್ದುದನ್ನು ನಾವು ನಾಲ್ವರೂ ನೋಡಿದೆವು. ಹುಸೇನಬಿ ಕಾಲನ್ನು ಬಿಡಿಸಿ ಕೂಸನ್ನು ತಾಯಿಯ ಎದೆಗೆ ವಾಪಸು ಹಚ್ಚಿದಳು. ಗಾಳಿಗೆ ತಂದೆಯ ಕೈ ಗೊತ್ತಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಮುಗಿಯಿತು.

ಕೇತವ್ವನ ಕಟ್ಟೆಗೆ ಹೋದಾಗ ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಕತ್ತಿ, ನೆನೆದ ಬಿದಿರು ತಗೊಂಡು ನನ್ನ ಹಿಂದೆಯೇ ಬಂದು ನಮ್ಮ ಪಡಸಾಲೆಯಲ್ಲಿ ಕೂತಳು.

"ಅವ್ವಾ, ನೀನ ಹೆಣಿ," ಎಂದು ಅವಳ ಕಾಲು ಹಿಡಿದೆ. "ನಿನ್ನ ಕೈಗೆ ಒಂದು ತಾಸಿನ ಕೆಲಸ. ನನಗ ಸಂಜಿ ಆಗ್ತದ."

ಕೇತವ್ವ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. "ನಾ ಮುಟ್ಟಿದ್ರ ಬುಟ್ಟಿ ನಂದಾಗ್ತೈತಿ. ಕೂಸು ನಂದಲ್ಲ. ಬಾಯಿಲೆ ಹೇಳ್ತೀನಿ, ಮಾಡು."

ನಾನು ಒಳಗೆ ಹೋಗಿ ಕೊರಳಿನಲ್ಲಿದ್ದ ಟೇಪಿನಿಂದ ಕೂಸಿನ ಹಿಮ್ಮಡಿಯ ಅಳತೆ ತೆಗೆದೆ. ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನರ ಎದೆ, ಸೊಂಟ, ತೋಳು ಅಳೆದಿದ್ದೇನೆ. ಅಷ್ಟು ಸಣ್ಣ ಅಳತೆ ತೆಗೆದಿರಲಿಲ್ಲ. ನನ್ನ ಕಿರುಬೆರಳ ತುದಿಯಷ್ಟು. ಸಾವಂತ್ರಿ ನನ್ನ ಮುಖ ನೋಡದೆ ಕೂಸಿನ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟಳು.

ಹೊರಗೆ ಬಂದು ಹೇಳಿದಾಗ ಕೇತವ್ವನ ಬಾಯಿಯ ಎಲೆ ನಿಂತಿತು. "ಅಷ್ಟು ಸಣ್ಣ ಕಣ್ಣಾದ್ರ ಗಾಳಿ ಹಾಯೂದಿಲ್ಲೋ ತಮ್ಮಾ. ನಿನ್ನ ಮೊದಲಿನ ಬುಟ್ಟಿ ಹಾರಿದಂಗ ಹಾರ್ತೈತಿ."

ಅವಳಿಗೂ ಗೊತ್ತಿಲ್ಲದ ಜಾಗಕ್ಕೆ ನಾವು ಬಂದಿದ್ದೆವು. ಐವತ್ತು ವರ್ಷ ಹೆಣೆದವಳ ಮುಖದಿಂದ ಕಣ್ಣು ತೆಗೆದು ತಲೆ ಎತ್ತಿದೆ. ಎದುರಿಗೆ ಗೋಡೆಯ ಮೊಳೆಗೆ ಅರ್ಧ ಹೊಲಿದ ಅಂಗಿ ನೇತಾಡುತ್ತಿತ್ತು, ಬೆನ್ನಿಗೆ ಜಾಲರಿ ಬಟ್ಟೆ ಇಟ್ಟದ್ದು. ಅದರ ಕಣ್ಣು ಸೂಜಿಯ ಮೊನೆಯಷ್ಟು. ಆದರೂ ಅದರಲ್ಲಿ ಗಾಳಿ ಹಾಯುತ್ತದೆ. ಯಾಕೆ? ನೂಲು ತೆಳ್ಳಗಿದೆ. ಅದಕ್ಕೇ.

"ಅವ್ವಾ, ಸೀಳು ತೆಳ್ಳಗ ಮಾಡಿದ್ರ? ಕಣ್ಣು ಎಷ್ಟು ಸಣ್ಣದಾತೋ ಬಿದಿರೂ ಅಷ್ಟ ಸಣ್ಣದಾದ್ರ?"

"ನೂಲಿನಂಥಾ ಸೀಳು ನಾ ಎಂದೂ ಸೀಳಿಲ್ಲ," ಎಂದಳು ಕೇತವ್ವ. "ನಿನಗ ಆಗ್ತೈತೇನು?"

ಕತ್ತಿಯಿಂದ ಆಗಲಿಲ್ಲ. ಮೂರು ದಬ್ಬೆ ಹಾಳಾದವು. ಕತ್ತಿ ಬಿಟ್ಟು ಹೊಲಿಗೆ ಬಿಚ್ಚುವ ನನ್ನ ಸಣ್ಣ ಚಾಕು ತಗೊಂಡೆ. ಬಿದಿರಿನ ಹಸಿರು ಸಿಪ್ಪೆಯ ಕೆಳಗಿನ ಪದರವನ್ನಷ್ಟೇ ಎಬ್ಬಿಸಿ, ರಫೂಗೆ ಎಳೆ ತೆಗೆಯುವ ಹಾಗೆ ಉಸಿರು ಹಿಡಿದು ಎಳೆದೆ. ಬಂತು. ನೆಟ್ಟಗೆ, ತೆಳ್ಳಗೆ, ತುಂಡಾಗದೆ ಬಂತು. ಇನ್ನೊಂದು ಎಳೆದೆ. ಸೂರ್ಯ ನೆತ್ತಿ ದಾಟುವ ಹೊತ್ತಿಗೆ ತೊಂಬತ್ತಾರು ಎಳೆಗಳಾದವು.

ಹೆಣೆಯತೊಡಗಿದೆ. ಕೇತವ್ವ ಪಕ್ಕದಲ್ಲಿ ಕೂತು, "ಮ್ಯಾಲ... ಕೆಳಗ... ಈಗ ಮೂಲಿ, ಐದರ ಕಣ್ಣು, ಐದು... ಬಿಡು, ಎಳೀಬ್ಯಾಡ," ಎನ್ನುತ್ತಿದ್ದಳು. ಒಳಗಿನಿಂದ ಹುಸೇನಬಿ ಆಗಾಗ ಉಸಿರು ಎಣಿಸುವುದು ಕೇಳುತ್ತಿತ್ತು. ಒಂದೆರಡು ಸಲ ಎಣಿಕೆ ನಡುವೆ ನಿಂತಿತು. ಆಗ ನನ್ನ ಕೈಯೂ ನಿಲ್ಲುತ್ತಿತ್ತು. ಎಣಿಕೆ ಮತ್ತೆ ಶುರುವಾದರೆ ಕೈ ಮತ್ತೆ ನಡೆಯುತ್ತಿತ್ತು. ಗೋಡೆ ಏರಿತು. ಕಣ್ಣುಗಳು ಒಂದೇ ಸಮ ಇರಲಿಲ್ಲ, ಆದರೆ ಕಣ್ಣುಗಳಾಗಿದ್ದವು. ಬಾಯಿಯ ಅಂಚು ಸುತ್ತುವ ಹೊತ್ತಿಗೆ ಕೇತವ್ವ ಸಾವಂತ್ರಿಯನ್ನು ನೋಡಲು ಒಳಗೆ ಹೋದಳು. ಕೂಸಿನ ತಲೆ ಬರುವ ಕಡೆ ಬಿದಿರು ನನಗೆ ತೀರ ತೆಳ್ಳಗೆ ಕಂಡಿತು. ಇಲ್ಲಿ ಮುರಿದರೆ? ಅವಳು ಬರುವುದರೊಳಗೆ ಅಲ್ಲಿ ಒಂದು ಅಗಲದ ಸೀಳನ್ನು ಜೋಡಿಯಾಗಿ ತೂರಿಸಿಬಿಟ್ಟೆ. ಒಂದು ಸಾಲು ಕಣ್ಣು ಅರ್ಧ ಮುಚ್ಚಿತು. ಬಂದ ಕೇತವ್ವ ಸೂರ್ಯನನ್ನು ನೋಡಿದಳು, ಬುಟ್ಟಿಯನ್ನು ನೋಡಲಿಲ್ಲ. "ನಡಿ," ಎಂದಳು.

ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ ಮೇಲೊಂದು ತೆಳು ಮಲ್ಲುಬಟ್ಟೆ ಹೊದಿಸಿದರು. ಕಾಲು ಇಳಿಯಲಿಲ್ಲ. ಸಾವಂತ್ರಿ ಅಣ್ಣನ ಬುಟ್ಟಿ ಕಂಡಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟಳು.

"ಬಿಗಿ ಹಿಡೀಬ್ಯಾಡ್ರಿ," ಎಂದಳು. ಅಷ್ಟೇ ಹೇಳಿದಳು.

ಬಯಲಿಗೆ ಇಳಿದಾಗ ಪರಸಪ್ಪ ನನ್ನ ಪಕ್ಕದಲ್ಲಿ ನಡೆದ. ಮುಟ್ಟಬಾರದೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಬಿಸಿಲು ಚೆನ್ನಾಗಿತ್ತು. ಬುಟ್ಟಿಯ ಅಂಚನ್ನು ಎರಡೂ ಕಡೆ ಎರಡೆರಡು ಬೆರಳಲ್ಲಿ ಹಿಡಿದು ನಾನು ಹೆಜ್ಜೆ ಎಣಿಸುತ್ತಿದ್ದೆ. ನೂರು. ನೂರೈವತ್ತು. ಇನ್ನೂರು ದಾಟಿದಾಗ ಹಿಂದೆ ಊರಿನಲ್ಲಿ ಕೋಳಿಗಳು ಕೂಗಿಕೊಂಡವು.

"ಬಂತು," ಎಂದ ಪರಸಪ್ಪ. "ನಿಲ್ಲಬ್ಯಾಡ್ರಿ ಮಾವಾರ. ನಡೀತ ಇರ್ರಿ."

ಕಾಲಕೆಳಗಿನ ಮಣ್ಣು ಮಿಡಿಯಿತು. ಧೋತರ ಉಬ್ಬಿತು. ಆಮೇಲೆ ಬುಟ್ಟಿಯ ಭಾರ ನನ್ನ ಬೆರಳಿನಿಂದ ಇಳಿದುಹೋಯಿತು. ಅಲ್ಲಿಯವರೆಗೆ ಇದ್ದದ್ದೇ ಒಂದು ಹಿಡಿ ಭಾರ, ಅದೂ ಇಲ್ಲವಾಯಿತು. ನನ್ನ ಕೈಗಳು ತಾವಾಗಿ ಮುಷ್ಟಿಯಾಗಲು ಹೊರಟವು. ಮುಷ್ಟಿಯಾದೊಡನೆ ಬುಟ್ಟಿ ಜೋರಾಗಿ ಮೇಲಕ್ಕೆ ಎಳೆಯಿತು. "ಸಡಲಸ್ರೀ!" ಎಂದು ಪರಸಪ್ಪ ಕಿರುಚಿದ. ಸಡಿಲಿಸಿದೆ. ಎಳೆತ ಕಡಿಮೆಯಾಯಿತು. ಮಲ್ಲುಬಟ್ಟೆ ಮಾತ್ರ ಎದ್ದು, ಒಂದು ಸಲ ನನ್ನ ಮುಖಕ್ಕೆ ಬಡಿದು, ಹೋಗಿಬಿಟ್ಟಿತು. ಬರಿ ಮೈಯ ಕೂಸು. ಅದರ ಹೊಟ್ಟೆ ಏರುತ್ತ ಇಳಿಯುತ್ತ ಇತ್ತು. ಸಣ್ಣ ಕಣ್ಣುಗಳಿಂದ ಗಾಳಿ ಸಿಳ್ಳೆ ಹಾಕುತ್ತ ಹಾಯುತ್ತಿತ್ತು.

ಹಾಯದೆ ಇದ್ದದ್ದು ಒಂದೇ ಕಡೆ. ತಲೆಯ ಕಡೆ ಬುಟ್ಟಿ ಮೆಲ್ಲಗೆ ಎತ್ತತೊಡಗಿತು. ಎಷ್ಟು ಸಡಿಲಿಸಿದರೂ ಎತ್ತುತ್ತಲೇ ಇತ್ತು. ಕೂಸು ಕಾಲಿನ ಕಡೆ ಜಾರಿತು, ಇನ್ನೊಂದು ಗೇಣು ಎತ್ತಿದರೆ ಬುಟ್ಟಿ ಮಗುಚುತ್ತಿತ್ತು. ನನಗೆ ಕೂಡಲೇ ಗೊತ್ತಾಯಿತು ಯಾವುದು ಅಂತ. ಜೋಡಿ ಹಾಕಿದ ಆ ಸೀಳು. ಎರಡೂ ಕೈ ಬಿಡುವ ಹಾಗಿಲ್ಲ. ಬಗ್ಗಿ, ಹಲ್ಲಿನಲ್ಲಿ ಆ ಸೀಳಿನ ತುದಿ ಕಚ್ಚಿದೆ. ಎಳೆಯಬೇಕು. ಎಳೆದರೆ ಕೂಸಿನ ತಲೆಯ ಹತ್ತಿರ ಖಾಲಿ ಬೀಳುತ್ತದೆ. ಮೈಯಲ್ಲಿದ್ದ ಒಂದೊಂದು ನರವೂ ಬೇಡ ಅಂತಿತ್ತು. ಎಳೆದೆ. ಬಿದಿರು ತುಟಿಯನ್ನು ಸೀಳಿಕೊಂಡೇ ಹೊರಗೆ ಬಂತು. ಬಾಯಿ ಬಿಟ್ಟೊಡನೆ ಅದು ಮೇಲೆ ಹಾರಿತು. ಬುಟ್ಟಿ ಸಮಕ್ಕೆ ಬಂದು ನನ್ನ ಬೆರಳುಗಳ ನಡುವೆ ಸುಮ್ಮನೆ ತೇಲಿತು.

ಆಗ ಕೂಸು ಅತ್ತಿತು. ಹುಟ್ಟಿದಾಗಿನಿಂದ ಅಳದಿದ್ದ ಕೂಸು, ಮುಖ ಕೆಂಪಾಗಿಸಿಕೊಂಡು, ಎರಡೂ ಮುಷ್ಟಿ ಎತ್ತಿ ಅತ್ತಿತು. ಪರಸಪ್ಪನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಕೈ ಕಟ್ಟಿಕೊಂಡಿದ್ದರಿಂದ ಒರೆಸಿಕೊಳ್ಳಲೂ ಆಗದೆ ನನ್ನ ಪಕ್ಕ ನಡೆಯುತ್ತಿದ್ದ. ಬಂಡೆಯ ಮೇಲೆ ಕಾಲಿಟ್ಟಾಗ ಭಾರ ವಾಪಸು ಬಂತು. ಅಷ್ಟು ಭಾರ ನಾನು ಎಂದೂ ಹೊತ್ತಿರಲಿಲ್ಲ ಅನ್ನಿಸಿತು.

ನರ್ಸಮ್ಮ ಬಾಗಿಲಲ್ಲೇ ಕೂಸನ್ನು ಎತ್ತಿಕೊಂಡಳು. ನನ್ನ ಬಾಯಿಂದ ಸುರಿಯುತ್ತಿದ್ದ ರಕ್ತ ನೋಡಿ, "ನಿಮಗೇನಾಗೇತಿ?" ಎಂದಳು. "ಏನೂ ಇಲ್ಲ, ಅದನ್ನ ನೋಡ್ರಿ," ಎಂದೆ. ಬಾಗಿಲು ಮುಚ್ಚಿತು. ಹೊತ್ತು ಮುಳುಗುವ ಮುಂಚೆ ತೆರೆಯಿತು. ಮೂಗಿನ ನಳಿಗೆಯಲ್ಲಿ ಹಾಕಿದ ಹಾಲು ಹೊಟ್ಟೆಯಲ್ಲಿ ನಿಂತಿದೆ ಎಂದಳು.

ಇಪ್ಪತ್ತಾರು ದಿನ ಕೂಸು ಪೆಟ್ಟಿಗೆಯಲ್ಲಿತ್ತು. ಮೂರನೆಯ ದಿನ ಸಾವಂತ್ರಿ ಎದ್ದು ಬಯಲು ದಾಟಿ ಬಂದಳು. ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಪಕ್ಕ ಕೂತು, ನನ್ನ ತುಟಿಯ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಹೊಲಿಗಿ ನೆಟ್ಟಗಿಲ್ಲ," ಎಂದಳು. ಅಣ್ಣನ ಬುಟ್ಟಿಯ ಮಾತನ್ನು ಆಮೇಲೆ ಎತ್ತಲಿಲ್ಲ. ನಾನೇ ಒಂದು ದಿನ ಎತ್ತಿ, ಹೆದರಿದ್ದೆ ಎಂದು ಹೇಳಿದೆ. "ನಾನೂ ಹೆದರಿದ್ದೆ," ಎಂದಳು.

ಮನೆಗೆ ಕರೆದುಕೊಂಡು ಹೋಗಬಹುದು ಎಂದು ನರ್ಸಮ್ಮ ಹೇಳಿದ ದಿನ ಕೇತವ್ವ ಕೋಲೂರಿಕೊಂಡು ಬಂದಳು. ಮೂಲೆಯಲ್ಲಿದ್ದ ಬುಟ್ಟಿಯನ್ನು ಎತ್ತಿ ತಿರುಗಿಸಿದಳು. ತಲೆಯ ಕಡೆ, ಸೀಳು ಕಿತ್ತ ಜಾಗದಲ್ಲಿ ಅವಳ ಬೆರಳು ನಿಂತಿತು.

"ಇಲ್ಲಿ ಜೋಡಿ ಹಾಕಿದ್ದಿ."

"ಹೌದವ್ವಾ."

"ತಗದದ್ದು ಯಾವಾಗ?"

"ಬಯಲಾಗ."

ಅವಳು ಬುಟ್ಟಿಯನ್ನು ಕೆಳಗಿಟ್ಟು ಸಾವಂತ್ರಿಯ ತೊಡೆಯ ಮೇಲಿದ್ದ ಕೂಸಿನ ಪಾದವನ್ನು ಹಿಡಿದಳು. ತನ್ನ ಹೆಬ್ಬೆರಳನ್ನು ಹಿಮ್ಮಡಿಯ ಪಕ್ಕ ಇಟ್ಟು ನೋಡಿದಳು, ಮತ್ತೆ ನೋಡಿದಳು. ಎಲೆ ಕಚ್ಚಿದ ಅವಳ ಬಾಯಿ ಅಗಲವಾಯಿತು.

"ಈ ಬುಟ್ಟಿ ಇನ್ನ ಬರೂದಿಲ್ಲ ತಮ್ಮಾ. ಕೂಸು ಹಿಡಿಸೂದಿಲ್ಲ ಇದರಾಗ," ಎಂದಳು. "ಹೋಗು, ಬಿದಿರು ನೆನೀಹಾಕು. ಈ ಸಲ ಕಣ್ಣು ದೊಡ್ಡದು ಬಿಡು."

ನಾನು ಎದ್ದು ಬಯಲಿಗೆ ಇಳಿದೆ.